‘ಪಿಯಾ ಕಾ ಘರ್’ ಮತ್ತು ನಮ್ಮ ಬರಾಕಿನ ಸಂಸಾರ

ಬಾಸು ಚಟರ್ಜಿಯವರು 1972ರಲ್ಲಿ ನಿರ್ದೇಶಿಸಿದ ‘ಪಿಯಾ ಕಾ ಘರ್’ ಎಂಬ ಹಿಂದಿ ಚಲನಚಿತ್ರವು ನಮ್ಮ ಸಂಘದ ಅನೇಕ ಹಿರಿಯರ ನೆನಪಿನಲ್ಲಿರಬಹುದು. 1970ರ ‘ಮುಂಬಯಿಚಾ ಜಾವಯಿ’ ಎಂಬ ಮರಾಠಿ ಚಿತ್ರವೇ ಇದಕ್ಕೆ ಮೂಲ. ಹಳ್ಳಿಯ ವಿಶಾಲ ಗೃಹದಲ್ಲಿ ಬೆಳೆದ ಮಾಲತಿ (ಜಯಾ ಭಾದುರಿ) ಮದುವೆಯಾಗಿ ಮುಂಬಯಿಯ ಚಾಳಿಗೆ ಬರುತ್ತಾಳೆ. ಇಡೀ ಅವಿಭಕ್ತ ಕುಟುಂಬವು ಅಂಗೈಯಗಲದ ಜಾಗದಲ್ಲಿಯೇ ಬಾಳಬೇಕು. ಎರಡು ಮಾತನಾಡಲು ಏಕಾಂತವನ್ನರಸಿ ನವದಂಪತಿಗಳು ಪಡುವ ಪಾಡೇ ಚಿತ್ರದ ಹಾಸ್ಯ. ಪ್ರೇಕ್ಷಕರು ನಗುತ್ತಾರೆ, ಚಾಳಿನಲ್ಲಿ ಸಂಸಾರ ಹೂಡಿದವರು ಮಾತ್ರ ಕೊಂಚ ತಡೆದು ನಗುತ್ತಾರೆ.

ಉಲ್ಹಾಸನಗರದವರಾದ ನಮಗೆ ಇದು ಪರರ ಕಥೆಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ ಕಟ್ಟಿದ ಕಲ್ಯಾಣ ಶಿಬಿರದ ಬರಾಕುಗಳಲ್ಲಿ, ದೇಶವಿಭಜನೆಯ ತರುವಾಯ ಸಿಂಧಿ ನಿರಾಶ್ರಿತರು ಬಂದು ನೆಲೆಸಿದರು. 1949ರಲ್ಲಿ ಊರಿಗೆ ಈಗಿನ ಹೆಸರು ಬಂದಿತಾದರೂ ‘ಕ್ಯಾಂಪ್’ ಎಂಬ ಮಾತು ಇಂದಿಗೂ ಅಳಿದಿಲ್ಲ. ಸೈನಿಕರು ಸಾಲಾಗಿ ಮಲಗಲೆಂದು ಕಟ್ಟಿದ ಕಟ್ಟಡದಲ್ಲಿ ಸಂಸಾರಗಳು ಅಡ್ಡಗೋಡೆ ಹಾಕಿಕೊಂಡವು. ಒಂದು ಮನೆಯ ಒಗ್ಗರಣೆಗೆ ಮತ್ತೊಂದು ಮನೆಯಲ್ಲಿ ಸೀನು!

ಅಂತಹ ಬರಾಕಿನ ಒಂದು ಬಾಡಿಗೆ ಕೋಣೆಗೆ, 2008ರಲ್ಲಿ, ಶಿರಸಿಯ ಕಡೆಯ ಎಂಟು ಅಂಕಣದ ಮನೆಯಿಂದ ನನ್ನ ಪತ್ನಿ ಬಂದಳು. ಅಪ್ಪ, ಅಮ್ಮ, ತಮ್ಮ, ನಾವಿಬ್ಬರು. ಒಟ್ಟು ಐದು ಜನ. ನಾನಾಗ ಬ್ಯಾಂಕಿನಲ್ಲಿ ಗುಮಾಸ್ತ. ಮೊದಲ ತಿಂಗಳಲ್ಲಿಯೇ ಅವಳು ತವರಿಗೆ ಹೊರಡುವ ಮಾತನ್ನಾಡಿದ್ದಳು. ಆದರೆ ಹೊರಡಲಿಲ್ಲ. ಅದು ನನ್ನ ಸಮಾಧಾನದ ಮಾತುಗಳ ಫಲವೆಂದೇ ನಾನು ಬಹುಕಾಲ ನಂಬಿದ್ದೆ.

ಅದೇ ದಿನಗಳಲ್ಲಿ ಅಪ್ಪನಿಗೆ ಹಠಾತ್ತನೆ ಆರೋಗ್ಯದ ಚಿಂತೆ ಹತ್ತಿತು. ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದೆಂದು ವೈದ್ಯರು ಹೇಳಿದ್ದಾರೆಂದು, ರಾತ್ರಿ ಊಟವಾದೊಡನೆ ತಮ್ಮನನ್ನೂ ಕರೆದುಕೊಂಡು ಹೊರಡುತ್ತಿದ್ದರು. ಅಮ್ಮ ಪಕ್ಕದ ಸಿಂಧಿ ಅಜ್ಜಿಯ ಮನೆಗೆ ಪಾಪಡ್ ಲಟ್ಟಿಸಲು ಹೋಗುತ್ತಿದ್ದಳು. (ನಡಿಗೆಯ ಪ್ರಯೋಜನಗಳನ್ನು ಈ ಸಂಚಿಕೆಯ ವೈದ್ಯ ಲೇಖಕರೇ ಹೇಳಿಯಾರು, ಆದರೆ ಎರಡು ಗಂಟೆಯ ನಡಿಗೆಯನ್ನು ಯಾವ ವೈದ್ಯರು ವಿಧಿಸುತ್ತಾರೆಂದು ನನಗಾಗ ಹೊಳೆಯಲಿಲ್ಲ.)

ಕಳೆದ ವರ್ಷ ಕಲ್ಯಾಣದ ನಮ್ಮ ಈಗಿನ ಮನೆಯಲ್ಲಿ ಎಲ್ಲರೂ ಕುಳಿತು ಆ ಚಿತ್ರವನ್ನು ನೋಡಿದೆವು. ಕೊನೆಯಲ್ಲಿ ಮಾಲತಿಯನ್ನು ಕರೆದೊಯ್ಯಲು ತವರಿನವರು ಬಂದಾಗ, ಅವಳಿಗಾಗಿ ಜಾಗವನ್ನೇ ಬಿಟ್ಟುಕೊಡಲು ಮನೆಯವರು ಸಿದ್ಧರಾಗುತ್ತಾರೆ. ಅದನ್ನು ಕಂಡು ಅವಳು ಉಳಿಯುತ್ತಾಳೆ. ಆ ಘಟ್ಟದಲ್ಲಿ ಪತ್ನಿ ಎದ್ದು ಅಡುಗೆಮನೆಗೆ ಹೋದಳು. ಹಿಂದೆಯೇ ಹೋಗಿ ಕೇಳಿದೆ.

“ಮಾವನವರು ನಡೆಯುತ್ತಿರಲಿಲ್ಲ. ವಿಠ್ಠಲವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮಳೆಗಾಲದಲ್ಲಿಯೂ ಕೂಡ. ಅವರ ಒದ್ದೆ ಪಂಚೆ ಹಿಂಡಿ ಹಾಕುತ್ತಿದ್ದವಳು ನಾನಲ್ಲವೇ? ನಿಮಗೆ ಗೊತ್ತಿದೆ ಎಂದುಕೊಂಡಿದ್ದೆ” ಎಂದಳು.

ಅಪ್ಪನಿಗೀಗ ಎಪ್ಪತ್ತೆಂಟು. ಮೊಣಕಾಲು ನೋವು, ಹೆಚ್ಚು ನಡೆಯಬಾರದೆಂಬುದು ಈ ಸಲ ವೈದ್ಯರ ನಿಜವಾದ ಅಪ್ಪಣೆ. ಅವರಿಗೆ ಪ್ರತ್ಯೇಕ ಕೋಣೆಯೂ ಇದೆ. ಆದರೂ ರಾತ್ರಿ ಊಟ ಮುಗಿದೊಡನೆ ಎದ್ದು, ಬಾಗಿಲ ಬಳಿ ಚಪ್ಪಲಿ ಹುಡುಕುತ್ತಾರೆ.