ಕಿರುಕುಳವೇ ಇಲ್ಲವೆಂಬ ವರದಿಯನ್ನು ನಂಬದ ನೀತಿ

ಸಹಪಾಠಿಗಳೇ ಸೇರಿ ಒಂದು ಮಗುವನ್ನು ಹಂಗಿಸುವುದು, ಹೊಡೆಯುವುದು, ಗುಂಪಿನಿಂದ ದೂರವಿಡುವುದು ಮುಂತಾದ ಕಿರುಕುಳಕ್ಕೆ ಜಪಾನಿನಲ್ಲಿ ‘ಇಜಿಮೆ’ ಎನ್ನುತ್ತಾರೆ. ಇದನ್ನು ತಡೆಯಲೆಂದೇ ಆ ದೇಶವು 2013ರಲ್ಲಿ ಪ್ರತ್ಯೇಕ ಕಾನೂನು ತಂದಿತು. ಅದರ ಹಿಂದೆ ಓತ್ಸು ನಗರದ ದುರಂತವಿತ್ತು: 2011ರಲ್ಲಿ ಅಲ್ಲಿನ ಹದಿಮೂರು ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಣ ಕಳೆದುಕೊಂಡಾಗ, ಉಳಿದ ಮಕ್ಕಳು ತಾವು ಕಂಡು ಕೇಳಿದ್ದನ್ನು ಬರೆದುಕೊಟ್ಟಿದ್ದರೂ ಸ್ಥಳೀಯ ಶಿಕ್ಷಣ ಮಂಡಳಿಯು ವಿಚಾರಣೆಯನ್ನು ಬೇಗನೆ ಮುಗಿಸಿತ್ತು, ಕಿರುಕುಳವೇ ಸಾವಿಗೆ ನೇರ ಕಾರಣವೆಂದು 2013ರ ಜನವರಿಯಲ್ಲಿ ಹೊರಗಿನವರ ಸಮಿತಿಯೊಂದು ಹೇಳಬೇಕಾಯಿತು.

ಈ ಕಾನೂನಿನ ನಿಜವಾದ ಬಲವಿರುವುದು ಶಿಕ್ಷೆಯಲ್ಲಲ್ಲ, ಅದು ಕಿರುಕುಳವನ್ನು ನಿರೂಪಿಸುವ ಬಗೆಯಲ್ಲಿ. ತನಗಿಂತ ದುರ್ಬಲನಾದವನ ಮೇಲೆ ಏಕಪಕ್ಷೀಯವಾಗಿ, ಸತತವಾಗಿ ನಡೆಸುವ ದಾಳಿಯನ್ನಷ್ಟೇ ಕಿರುಕುಳವೆಂದು ಎಣಿಸುವ ಪದ್ಧತಿ ಅಲ್ಲಿ 2006ರವರೆಗೂ ಇತ್ತು. ಇದರಿಂದ ‘ಮಕ್ಕಳ ಜಗಳ’ ಎಂದು ತಳ್ಳಿಹಾಕಲು ಶಾಲೆಗಳಿಗೆ ಅನುಕೂಲವಾಗುತ್ತಿತ್ತು. ಈಗಿನ ನಿರೂಪಣೆಯಂತೆ, ಒಡನಾಡುವ ಇನ್ನೊಂದು ಮಗುವಿನ ನಡವಳಿಕೆಯಿಂದ, ಅದು ಅಂತರಜಾಲದ ಮೂಲಕ ನಡೆದದ್ದಾದರೂ ಸರಿ, ಯಾವ ಮಗು ನೋವುಂಡಿತೋ ಆ ಮಗುವಿನ ನೋವೇ ಪ್ರಮಾಣ. ಪ್ರತಿಯೊಂದು ಶಾಲೆಯೂ ತನ್ನದೇ ಲಿಖಿತ ನೀತಿಯನ್ನೂ ಇದಕ್ಕೆಂದೇ ಒಂದು ಸಮಿತಿಯನ್ನೂ ಹೊಂದಿರಬೇಕು. ಒಂದು ಪ್ರಕರಣವೂ ಇಲ್ಲವೆಂದು ವರದಿ ಮಾಡುವ ಶಾಲೆಯು ಆ ಸಂಗತಿಯನ್ನು ಮಕ್ಕಳಿಗೂ ಪೋಷಕರಿಗೂ ತಿಳಿಸಿ, ಕಣ್ತಪ್ಪಿಹೋದದ್ದು ಇದೆಯೇ ಎಂದು ಪರಿಶೀಲಿಸಬೇಕೆಂಬುದು ಶಿಕ್ಷಣ ಸಚಿವಾಲಯದ ಸೂಚನೆ. ಇಡೀ ವ್ಯವಸ್ಥೆಯಲ್ಲಿ ಇದಕ್ಕಿಂತ ವಿವೇಕದ ಅಂಶ ಬಹುಶಃ ಇನ್ನೊಂದಿಲ್ಲ. 2013ರಲ್ಲಿ ಸುಮಾರು 1.86 ಲಕ್ಷವಿದ್ದ ದಾಖಲಿತ ಪ್ರಕರಣಗಳು 2023ರಲ್ಲಿ 7.32 ಲಕ್ಷ ದಾಟಿದ್ದನ್ನು ಕೇವಲ ಸೋಲೆಂದು ಓದುವುದು ತಪ್ಪಾಗುತ್ತದೆ, ಏಕೆಂದರೆ ಹಿಂದೆ ಲೆಕ್ಕಕ್ಕೇ ಬಾರದಿದ್ದ ಎಷ್ಟೋ ಮಕ್ಕಳ ಸಂಕಟ ಈಗ ಕಡತಕ್ಕಾದರೂ ಸೇರುತ್ತಿದೆ.

ಆದರೆ ಜೀವಕ್ಕೆ ಅಪಾಯವಾದ ಅಥವಾ ಮಗು ದೀರ್ಘಕಾಲ ಶಾಲೆಯಿಂದ ದೂರವುಳಿದ ‘ಗಂಭೀರ ಪ್ರಕರಣ’ಗಳು 2023ರಲ್ಲಿ 1,306 ಇದ್ದವು, ಅವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವನ್ನು ಶಾಲೆಗಳು ಅದಕ್ಕೆ ಮುಂಚೆ ಕಿರುಕುಳವೆಂದೇ ಗುರುತಿಸಿರಲಿಲ್ಲ. ಇದಕ್ಕೆ ಶಿಕ್ಷಕರ ಉದಾಸೀನವೊಂದನ್ನೇ ದೂರುವುದು ನ್ಯಾಯವಲ್ಲ. 2018ರ ಅಂತರರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಲ್ಲಿನ ಮಾಧ್ಯಮಿಕ ಶಾಲಾ ಶಿಕ್ಷಕರು ವಾರಕ್ಕೆ 56 ಗಂಟೆ ದುಡಿಯುತ್ತಿದ್ದರು. ಗಂಭೀರ ಪ್ರಕರಣಗಳ ತನಿಖೆಯ ಮಾರ್ಗಸೂಚಿಯನ್ನು ಸರ್ಕಾರ 2024ರಲ್ಲಿ ಪರಿಷ್ಕರಿಸಿದೆಯಾದರೂ, ತನಿಖೆ ನಡೆಯುವುದು ಅನಾಹುತವಾದ ಮೇಲೆ. ಅದಕ್ಕೂ ಮೊದಲು ಮಗುವಿನ ಪಕ್ಕದಲ್ಲಿ ಕುಳಿತು ಕೇಳಲು ತರಗತಿಯ ಶಿಕ್ಷಕರಿಗೆ ಬೇಕಾದ ಬಿಡುವನ್ನು ಆ ನೀತಿ ಇನ್ನೂ ಒದಗಿಸಿಲ್ಲ.