ತಾಯಿ ಯಾರ ಮಗಳು?

ವೇಲ್ಸಿನ ಒಳನಾಡಿನಲ್ಲಿ ಏಪ್ರಿಲ್ ಬಂದರೂ ಚಳಿ ಬಿಟ್ಟಿರುವುದಿಲ್ಲ. ಬೆಟ್ಟದ ನೆತ್ತಿಯಲ್ಲಿ ಹೋದ ವರ್ಷದ ಜರಿಗಿಡ ಒಣಗಿ, ತುಕ್ಕಿನ ಬಣ್ಣಕ್ಕೆ ತಿರುಗಿ ಮಲಗಿರುತ್ತದೆ. ಕೆಳಗಿನ ಹುಲ್ಲುಗಾವಲಿನಲ್ಲಿ ಮಾತ್ರ ಹಸುರು ಆಗತಾನೆ ಎದ್ದಿರುತ್ತದೆ. ಅದರ ಮೇಲೆ ಕವಲುಬಾಲದ ಕೆಂಪು ಹದ್ದುಗಳು ಹೊತ್ತಿಡೀ ಸುತ್ತು ಹಾಕುತ್ತಿರುತ್ತವೆ. ಇಳಿಜಾರಿನ ಬುಡದಲ್ಲಿ ಕಲ್ಲುಗೋಡೆ, ಸ್ಲೇಟು ಮಾಡಿನ ಲಾಯ. ನಡುವೆ ಚೌಕ ಅಂಗಳ, ಸುತ್ತ ಅರ್ಧಬಾಗಿಲುಗಳು. ಬೆಳಗ್ಗೆ ಬಕೆಟ್ಟಿನ ಸದ್ದಾದರೆ ಸಾಕು, ಒಂದೊಂದು ಬಾಗಿಲ ಮೇಲೂ ಒಂದೊಂದು ಮುಖ ಹೊರಬರುತ್ತಿತ್ತು: ಅಗಲ ಹಣೆ, ದೊಡ್ಡ ಕಣ್ಣು, ಚೂಪಾಗುತ್ತ ಬಂದ ಮೂತಿ, ಮುಷ್ಟಿಯೊಳಗೆ ಅಡಗುವಷ್ಟು ಪುಟ್ಟ ಕಿವಿ. ನಾನು ಅಲ್ಲಿ ಕೆಲಸಕ್ಕಿದ್ದೆ. ಹೆಬ್ಬಾಳದ ಪಶುವೈದ್ಯ ಪದವಿ ಪೆಟ್ಟಿಗೆಯಲ್ಲಿತ್ತು. ಕೈಯಲ್ಲಿದ್ದದ್ದು ಲದ್ದಿ ಎತ್ತುವ ಸಲಿಕೆ.

ಅಲ್ಲಿ ಹುಟ್ಟಿಸಿ ಬೆಳೆಸುತ್ತಿದ್ದುದು ಶೋ ಪೋನಿಗಳನ್ನು. ಪೋನಿ ಅಂದರೆ ನಮಗೆ ಊಟಿಯ ಕೆರೆ ದಂಡೆಯಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ಬಡಕಲು ತಟ್ಟು. ಇದರ ಹಣೆಬರಹವೇ ಬೇರೆ. ಗಾಡಿ ಎಳೆಯುವುದಿಲ್ಲ, ಹೊರೆ ಹೊರುವುದಿಲ್ಲ, ರೇಸಿಗೆ ಓಡುವುದಿಲ್ಲ. ಒಂದು ಮಗುವನ್ನು ಬೆನ್ನ ಮೇಲೆ ಕೂರಿಸಿಕೊಂಡು ಹುಲ್ಲಿನ ಕಣದಲ್ಲಿ ನಡೆದು, ಓಡಿ, ತೀರ್ಪುಗಾರರ ಮುಂದೆ ಅಲುಗದೆ ನಿಲ್ಲುವುದಷ್ಟೇ ಇದರ ಕಸುಬು. ಭುಜದ ದಿಬ್ಬದವರೆಗೆ ಅಳೆದು 128, 138, 148 ಸೆಂಟಿಮೀಟರ್ ಎಂದು ಮೂರು ಎತ್ತರಗಳಿಗೆ ಮೂರು ತರಗತಿ. 148 ದಾಟಿತೋ, ಅದು ಎಷ್ಟೇ ಚಂದವಿದ್ದರೂ ಪೋನಿಗಳ ಸಾಲಿನಿಂದ ಹೊರಗೆ. ಮೂಗು ಮುರಿಯುವವರು ಇದನ್ನು ಉಳ್ಳವರ ಗೊಂಬೆಯಾಟ ಅನ್ನುತ್ತಾರೆ. ಪೂರಾ ಸುಳ್ಳೇನಲ್ಲ. ಆದರೆ ಈ ಗೊಂಬೆ ಹೀಗೆ ಮೈತಳೆಯಲು ಮೂರು ದಿಕ್ಕಿನ ರಕ್ತ ಕೂಡಬೇಕಾಯಿತು.

ಆ ಕಥೆಯೆಲ್ಲ ಜೀನು ಇಡುವ ಕೋಣೆಯ ಗೋಡೆಯ ಮೇಲಿತ್ತು. ಚರ್ಮಕ್ಕೆ ಹಚ್ಚುವ ಎಣ್ಣೆ, ಒದ್ದೆ ಕಂಬಳಿ, ಹಳೇ ಸೋಪು, ಎಲ್ಲ ಸೇರಿದ ಘಾಟು ಅಲ್ಲಿ. ಸಾಲು ಲಗಾಮುಗಳ ಮೇಲ್ಗಡೆ ಚೌಕಟ್ಟು ಹಾಕಿದ ಕಪ್ಪುಬಿಳುಪು ಪಟಗಳು; ನಮ್ಮ ಹಳೇ ಮನೆಗಳ ಪಡಸಾಲೆಯಲ್ಲಿ ಅಜ್ಜ ಮುತ್ತಜ್ಜಂದಿರು ತೂಗುತ್ತಾರಲ್ಲ, ಹಾಗೆ. ಮೊದಲನೆಯವನು ಡಿಯೋಲ್ ಸ್ಟಾರ್‌ಲೈಟ್, 1894ರಲ್ಲಿ ಹುಟ್ಟಿದ ಬೂದು ಗಂಡು. ಸಾಕಿದವರು ಮ್ಯೂರಿಕ್ ಲಾಯ್ಡ್. ತಮ್ಮ ಅಡ್ಡಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದು ಮಾಡಿ ಲಾಯಕ್ಕೆ ಹೆಸರಿಟ್ಟಿದ್ದರು. ಇವತ್ತಿನ ವೇಲ್ಸ್ ಬೆಟ್ಟದ ಪೋನಿಯ ವಂಶಾವಳಿ ಹಿಡಿದು ಹಿಂದೆ ಹಿಂದೆ ಹೋದರೆ ಬಹುಪಾಲು ದಾರಿಗಳು ಇವನಲ್ಲಿಗೇ ಮುಟ್ಟುತ್ತವೆ. ಮುಪ್ಪಿನಲ್ಲಿ ಇವನನ್ನು ಸ್ಪೇನಿಗೆ ಮಾರಿದರು, 1929ರಲ್ಲಿ ಅಲ್ಲೇ ಸತ್ತ. ನಮ್ಮ ಲಾಯದ ತಲೆಯಾಳಿಗೆ ಆ ಮಾರಾಟದ ಮೇಲೆ ಇನ್ನೂ ಸಿಟ್ಟಿತ್ತು, ಅದು ನಡೆದದ್ದು ಆತ ಹುಟ್ಟುವ ಮೊದಲೇ ಆದರೂ.

ಮೊದಲ ರಕ್ತ ಬೆಟ್ಟದ ಈ ಗಿಡ್ಡ ಕುದುರೆಗಳದು. ಅವು ಉಳಿದದ್ದೇ ಒಂದು ಪವಾಡ. ಎಂಟನೆಯ ಹೆನ್ರಿ ದೊರೆಗೆ ಕವಚಧಾರಿಗಳನ್ನು ಹೊರುವ ಎತ್ತರದ ಕುದುರೆಗಳು ಬೇಕಿದ್ದವು. 1540ರಲ್ಲಿ ಕಾನೂನು ತಂದ: ಎರಡು ವರ್ಷ ದಾಟಿದ, ಗೊತ್ತುಪಡಿಸಿದ ಎತ್ತರಕ್ಕೆ ಬಾರದ ಗಂಡುಕುದುರೆ ಊರ ಗೋಮಾಳದಲ್ಲಿ ಮೇಯಕೂಡದು. ಬಯಲಿನಲ್ಲಿ ಕಾನೂನು ನಡೆಯಿತು. ಮಂಜು ಮುಸುಕಿದ ಬೆಟ್ಟ ಹತ್ತಿ ಕುದುರೆ ಅಳೆಯುವವರು ಯಾರು? ಅರಮನೆಯ ಆಜ್ಞೆಗೆ ಬೆಟ್ಟದ ಕಡಿದೇ ಅಡ್ಡ ನಿಂತಿತು.

ಎರಡನೆಯ ರಕ್ತ ಮರುಭೂಮಿಯದು. ಟಾನ್-ಇ-ಬುಲ್ಖ್ ಬರ್ವಿನ್ ಎಂಬ 1924ರ ಗಂಡಿನ ತಂದೆ ಸಹಾರಾ ಹೆಸರಿನ ಉತ್ತರ ಆಫ್ರಿಕದ ಬಾರ್ಬ್ ಕುದುರೆ. ನಸೀಲ್ ಎಂಬ ಬೂದು ಅರಬ್ಬಿ ಕುದುರೆ ಐರ್ಲೆಂಡಿನಲ್ಲಿದ್ದು ಪ್ರೆಟಿ ಪಾಲಿಯ ತಂದೆಯಾಯಿತು. 1950ರ ದಶಕದ ಶುರುವಿನಲ್ಲಿ ಪ್ರದರ್ಶನದ ಕಣಕ್ಕೆ ಆ ಪೋನಿಯೇ ರಾಣಿ. ಅರಬ್ಬಿ ರಕ್ತದಿಂದ ಬಂದದ್ದು ಕಣ್ಣು, ಕತ್ತಿನ ಬಾಗು, ನೆಲಕ್ಕೆ ತಾಗಿಯೂ ತಾಗದ ಹೆಜ್ಜೆ. ಜತೆಗೆ ತಲೆತಿರುಕತನವೂ ಒಂದಿಷ್ಟು.

ಮೂರನೆಯ ಎಳೆ ನಮ್ಮ ಕಡೆಯಿಂದ ಹೋದದ್ದು. ಕುದುರೆಯ ಮೇಲೆ ಕೂತು ಚೆಂಡು ಹೊಡೆಯುವ ಆಟ ನಮಗೆ ಹೊಸದಲ್ಲ, ಕಲ್ಯಾಣ ಚಾಲುಕ್ಯರ ಸೋಮೇಶ್ವರ 12ನೆಯ ಶತಮಾನದ ತನ್ನ ‘ಮಾನಸೋಲ್ಲಾಸ’ದಲ್ಲಿ ಅಂಥ ಆಟವನ್ನು ರಾಜವಿನೋದಗಳ ಪಟ್ಟಿಗೆ ಸೇರಿಸಿದ್ದಾನೆ. ಬ್ರಿಟಿಷರು ಅದನ್ನು ಕಲಿತದ್ದು ಮಣಿಪುರಿಗಳಿಂದ. 1859ರಲ್ಲಿ ಸಿಲ್ಚಾರ್‌ನಲ್ಲಿ ಕ್ಲಬ್ ಕಟ್ಟಿದರು, ಹತ್ತು ವರ್ಷದಲ್ಲಿ ಆಟ ಇಂಗ್ಲೆಂಡಿಗೆ ದಾಟಿತು. ಆಗ ಅಲ್ಲಿ ಗಿಡ್ಡವೂ ಚುರುಕೂ ಆದ ಪೋನಿಗಳಿಗೆ ಎಲ್ಲಿಲ್ಲದ ಬೇಡಿಕೆ. ಬೆಟ್ಟದ ಹೆಣ್ಣುಗಳಿಗೆ ರೇಸಿನ ತಳಿಯಾದ ಥರೋಬ್ರೆಡ್‌ನ ಸಣ್ಣಾಕಾರದ ಗಂಡುಗಳನ್ನು ಕೂಡಿಸಿದರು. ಇವತ್ತಿನ ನ್ಯಾಷನಲ್ ಪೋನಿ ಸೊಸೈಟಿ 1893ರಲ್ಲಿ ಹುಟ್ಟಿದ್ದೇ ಪೋಲೋ ಪೋನಿಗಳಿಗಾಗಿ. ಮೊದಲ ಮಹಾಯುದ್ಧದ ಹೊತ್ತಿಗೆ ಪೋಲೋದವರು ಎತ್ತರದ ಮಿತಿ ತೆಗೆದು ದೊಡ್ಡ ಕುದುರೆಗಳ ಬೆನ್ನು ಹತ್ತಿದರು. ಕೈಬಿಟ್ಟ ಪುಟ್ಟ ಚೆಲುವೆಯರು ಮಕ್ಕಳ ಪಾಲಾದರು.

ಮೂರೂ ಎಳೆ ಕೂಡಿದ ಜಾಗದಲ್ಲಿ ಬುಲ್ಖ್ ವ್ಯಾಲೆಂಟಿನೋ ನಿಂತಿದ್ದ. 1950ರಲ್ಲಿ ನೆಲ್ ಪೆನೆಲ್ ಅವರ ಲಾಯದಲ್ಲಿ ಹುಟ್ಟಿದವನು. ಮುಂದಿನ ಶೋ ಪೋನಿಗಳ ಕಾಗದಪತ್ರಗಳಲ್ಲಿ ಇವನ ಹೆಸರು ಪದೇ ಪದೇ ಎದುರಾಗುತ್ತದೆ. ತಾಯಿಯ ಹೆಸರು ಗೋಲ್ಡ್‌ಫ್ಲೇಕ್. ಅದನ್ನು ಓದಿದಾಗಲೆಲ್ಲ ನನಗೆ ಮೆಜೆಸ್ಟಿಕ್ಕಿನ ಬೀಡಾ ಅಂಗಡಿಯೇ ಕಣ್ಣೆದುರು ಬರುತ್ತಿತ್ತು. ತಲೆಯಾಳಿಗೆ ಹಾಗಲ್ಲ. ವ್ಯಾಲೆಂಟಿನೋ ಪಟದ ಮುಂದೆ ನಿಂತರೆ ಆತ ಹೇಳುತ್ತಿದ್ದದ್ದು ಮಗನ ಬಗೆಗಲ್ಲ, ತಾಯಿಯ ಬಗೆಗೆ.

ಅಲ್ಲಿ ನಾನು ಕಲಿತ ಗುಟ್ಟು ಇದೇ. ಪುಸ್ತಕದಲ್ಲಿ ಗಂಡಿನ ಹೆಸರು ಮೆರೆಯುತ್ತದೆ. ಗಂಡು ಒಂದು ಹಂಗಾಮಿನಲ್ಲಿ ಹತ್ತಾರು ಹೆಣ್ಣುಗಳಿಗೆ ಹಾರುತ್ತದೆ, ದೇಶದ ತುಂಬ ಮಕ್ಕಳಾಗುತ್ತವೆ, ಜಾಹೀರಾತು ಬರುತ್ತದೆ. ಹೆಣ್ಣು ಹನ್ನೊಂದು ತಿಂಗಳು ಹೊತ್ತು ವರ್ಷಕ್ಕೊಂದು ಹೆರುತ್ತದೆ. ಆದರೆ ಲಾಯ ಲೆಕ್ಕ ಇಡುವುದು ಹೆಣ್ಣಿನದನ್ನು. ಚಂದದ ಮರಿ ಕಂಡಾಗ ಹೊರಗಿನವರು ಕೇಳುವುದು ತಂದೆ ಯಾರು ಅಂತ. ಒಳಗಿನವರು ತಾಯಿ ಯಾವುದು ಅಂತ ಕೇಳಿ, ಅಲ್ಲಿಗೂ ಬಿಡದೆ, ಆ ತಾಯಿ ಯಾರ ಮಗಳು ಅಂತ ಕೇಳುತ್ತಾರೆ. ನಮ್ಮ ಯಜಮಾನತಿ ಒಳ್ಳೇ ಗಂಡುಮರಿಗಳನ್ನು ಕಣ್ಣು ಮಿಟುಕಿಸದೆ ಮಾರುತ್ತಿದ್ದರು, ಹೆಣ್ಣುಮರಿ ಮಾರುವ ಮಾತು ಬಂದರೆ ರಾತ್ರಿ ನಿದ್ದೆ ಬಿಡುತ್ತಿದ್ದರು. ಒಬ್ಬಳ ಮಕ್ಕಳಿಗೆಲ್ಲ ಒಂದೇ ಅಕ್ಷರದಿಂದ ಹೆಸರು. ಅಂಗಳದಲ್ಲಿ ಹೆಸರು ಕೂಗಿದರೆ ಸಾಕು, ಯಾವ ಮನೆತನದ್ದೆಂದು ತಿಳಿಯುತ್ತಿತ್ತು.

ಆ ಲಾಯದ ಹಿರಿಯಳು ಒಬ್ಬ ಬೂದು ಹೆಣ್ಣು. ಕಾಗದದಲ್ಲಿ ಉದ್ದ ಹೆಸರು, ನನ್ನ ಬಾಯಲ್ಲಿ ಬೂದಮ್ಮ. ಅವಳು ಈಯುವ ಸೂಚನೆ ಕೊಟ್ಟದ್ದು ಮಳೆ ಹಿಡಿದ ಒಂದು ಸಂಜೆ. ಮೊಲೆತೊಟ್ಟಿನ ತುದಿಯಲ್ಲಿ ಜೇನುಮೇಣದಂಥ ಹನಿ ಗಟ್ಟಿಯಾಗಿ ಕೂತಿತ್ತು, ಬಾಲದ ಬುಡದ ಎರಡೂ ಬದಿ ಸಡಿಲಾಗಿ ಇಳಿದಿತ್ತು. ಕುದುರೆಗಳು ಹೆರುವುದು ಹೆಚ್ಚಾಗಿ ರಾತ್ರಿ, ಅದೂ ಕಾವಲಿನವರು ಚಹಾಕ್ಕೆ ಎದ್ದುಹೋದ ಗಳಿಗೆ ನೋಡಿ. ತಲೆಯಾಳು ದೀಪ ಆರಿಸಿ, ಹೊರಗೆ ಹುಲ್ಲಿನ ಪಿಂಡಿಯ ಮೇಲೆ ನನ್ನನ್ನೂ ಕೂರಿಸಿಕೊಂಡ. “ಉಸಿರು ಕೇಳ್ತಾ ಇರು. ನೋಡೋದು ಬೇಡ” ಅಂದ.

ಮಧ್ಯರಾತ್ರಿ ದಾಟಿತ್ತು. ಹುಲ್ಲು ಕೆದರುವ ಸದ್ದು, ಆಮೇಲೆ ಧೊಪ್ಪನೆ ಮಲಗಿದ ಸದ್ದು, ನೀರು ಒಡೆದ ಸದ್ದು. ಅಲ್ಲಿಂದ ಎಲ್ಲ ಅರ್ಧ ಗಂಟೆಯೊಳಗೆ. ಎಮ್ಮೆ ಹಸುಗಳ ನಿಧಾನ ಕಂಡವನಿಗೆ ಕುದುರೆಯ ಹೆರಿಗೆಯ ಬಿರುಸು ನಂಬಲಾಗುವುದಿಲ್ಲ. ಬಿಳಿ ಪೊರೆಯೊಳಗೆ ಮೊದಲು ಎರಡು ಮುಂಗಾಲು, ಒಂದು ತುಸು ಮುಂದೆ, ಇನ್ನೊಂದು ತುಸು ಹಿಂದೆ. ಅದರ ಮೇಲೆ ಒರಗಿದ ಮೂತಿ. ಹಾಗೆ ಬಂದರೆ ಭುಜ ಸಲೀಸಾಗಿ ದಾಟುತ್ತದೆ. ಮರಿಯ ಗೊರಸಿನ ತುದಿಯಲ್ಲಿ ಮೆತ್ತಗೆ, ಹಳದಿಬಿಳುಪಾದ ಎಳೆಗಳು ಗೊಂಚಲುಗಟ್ಟಿರುತ್ತವೆ. ಒಳಗೆ ಒದ್ದಾಡುವಾಗ ತಾಯಿಯ ಗರ್ಭಕೋಶ ಗೀರದಿರಲೆಂದು ಪ್ರಕೃತಿ ತೊಡಿಸಿದ ಕಾಲುಚೀಲ ಅದು. ಎದ್ದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಸವೆದು ಉದುರತೊಡಗುತ್ತದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ಸಾಲು. ಕೈಯಲ್ಲಿ ಮುಟ್ಟಿದಾಗ ನೆನೆದ ಅಣಬೆಯ ಒಳಮೈ ಸವರಿದ ಹಾಗಿತ್ತು.

ಹೊಕ್ಕುಳಬಳ್ಳಿ ಕತ್ತರಿಸಲು ಆತ ಬಿಡಲಿಲ್ಲ. ತಾಯಿ ಏಳುವಾಗ ಅದಾಗಿಯೇ ಹರಿಯಬೇಕು. ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡರಲ್ಲಿ ಮೊಲೆ ಹಿಡಿಯಬೇಕು, ಮೂರರಲ್ಲಿ ಮಾಸು ಬೀಳಬೇಕು. ಇದು ಲಾಯದ ಮಗ್ಗಿ. ಗಿಣ್ಣುಹಾಲು ಹೊಟ್ಟೆಗಿಳಿಯದಿದ್ದರೆ ಮರಿಗೆ ರೋಗ ತಡೆಯುವ ಶಕ್ತಿಯೇ ಇಲ್ಲ, ಗರ್ಭದಲ್ಲಿ ಅದು ದಾಟಿ ಬರುವುದಿಲ್ಲ. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ, ಎಲ್ಲಾದರೂ ಚೂರು ಹರಿದು ಒಳಗೇ ಉಳಿದಿದೆಯೇ ಎಂದು ಟಾರ್ಚು ಹಿಡಿದು ನೋಡಿದೆವು.

ಮರಿ ಕಂದು. ಬೂದು ತಾಯಿಗೆ ಕಂದು ಮಗಳು ಹೇಗೆ ಅಂತ ನಾನು ಪಿತೃಮೂಲದ ಲೆಕ್ಕ ಹಾಕುತ್ತಿದ್ದರೆ ಆತ ಅದರ ಕಣ್ಣಿಗೆ ಬೆಳಕು ಬಿಟ್ಟ. ರೆಪ್ಪೆಯ ಸುತ್ತ ನಾಲ್ಕಾರು ಬಿಳಿಕೂದಲು. “ಕನ್ನಡಕ ಹಾಕ್ಕೊಂಡೇ ಬಂದಿದಾಳೆ. ಎಂಟು ವರ್ಷ ತಡಿ, ಅವಳ ಅಮ್ಮನ ಥರಾನೇ ಬೆಳ್ಳಗಾಗ್ತಾಳೆ.” ಬೂದು ಕುದುರೆ ಹುಟ್ಟುವುದು ಕಪ್ಪಾಗಿಯೋ ಕಂದಾಗಿಯೋ, ವರ್ಷ ಕಳೆದಂತೆ ನರೆಯುತ್ತದೆ. ಆ ಗುಣದ ವಂಶವಾಹಿ ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಸಾಕು. ಸ್ಟಾರ್‌ಲೈಟಿನ ಸಂತತಿಯಲ್ಲಿ ಬೂದು ಅಷ್ಟು ಹಬ್ಬಿದ್ದು ಹೀಗೆ. ಅದಕ್ಕೆ ತೆರಬೇಕಾದ ಬೆಲೆಯೂ ಇದೆ: ವಯಸ್ಸಾದ ಬೂದು ಕುದುರೆಗಳಲ್ಲಿ ಹೆಚ್ಚಿನವಕ್ಕೆ ಬಾಲದ ಅಡಿ ಕರಿಗಂಟುಗಳು ಏಳುತ್ತವೆ. ಬೂದಮ್ಮನಿಗೂ ಇದ್ದವು. ತೊಳೆಯುವಾಗ ಅವನ್ನು ಮುಟ್ಟಿದರೆ ಕಿವಿ ಹಿಂದಕ್ಕೆ ಮಲಗಿಸುತ್ತಿದ್ದಳು.

ಮರಿಯ ಪಾಸ್‌ಪೋರ್ಟು ಬರೆಯಲು ವೈದ್ಯರು ಬಂದ ದಿನ ನನಗೊಂದು ಸೋಜಿಗ ಕಾದಿತ್ತು. ಅಚ್ಚು ಹಾಕಿದ ಕುದುರೆಯ ರೇಖಾಚಿತ್ರದ ಮೇಲೆ ಅವರು ಹಣೆ, ಕತ್ತು, ಎದೆಯ ಕೂದಲಿನ ಸುಳಿಗಳನ್ನು ಹುಡುಕಿ ಹುಡುಕಿ ಕತ್ತರಿ ಗುರುತು ಹಾಕಿದರು. ಎರಡು ಕುದುರೆಗಳ ಸುಳಿ ಪೂರ್ತಿ ಒಂದೇ ತೆರನಾಗಿರುವುದು ಅಪರೂಪ. ಗುರುತು ಹಿಡಿಯಲು ಅದು ಬೇಕು. ನಮ್ಮೂರ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಸುಳಿಗೆ ಬೆರಳಿಟ್ಟು ಮನೆಗೆ ಒಳ್ಳೇದೋ ಕೆಟ್ಟದ್ದೋ ಅನ್ನುವುದನ್ನು ತಲೆಯಾಳಿಗೆ ಹೇಳಿದೆ. ಆತ ನಗಲಿಲ್ಲ. ಮರಿಯ ಹಣೆಯನ್ನು ಮತ್ತೊಮ್ಮೆ ನೋಡಿ, “ಇದರದ್ದು ಹೇಗಿದೆ?” ಅಂತ ಕೇಳಿದ.

ಜುಲೈಯಲ್ಲಿ ಲಾನೆಲ್ವೆದ್‌ನಲ್ಲಿ ರಾಯಲ್ ವೆಲ್ಷ್ ಪ್ರದರ್ಶನ. ನಸುಕಿನಲ್ಲೇ ಅಯಾಲು ಹೆಣೆದು ದಾರದಿಂದ ಗಂಟು ಹೊಲಿಯುವುದು, ಗೊರಸಿಗೆ ಎಣ್ಣೆ, ಸೊಂಟದ ಮೇಲೆ ಸಣ್ಣ ಬಾಚಣಿಗೆ ಅಡ್ಡಕ್ಕೆ ಎಳೆದು ಚದುರಂಗದ ಮನೆ ಮೂಡಿಸುವುದು. ಹಣೆಪಟ್ಟಿಗೆ ಸುತ್ತಿದ ರೇಷ್ಮೆ ರಿಬ್ಬನ್ನಿಗೆ ಹೊಂದುವ ಹೂವು ಮಗುವಿನ ಕೋಟಿನ ಮೇಲೆ. ಕಣದ ಅಂಚಿನಲ್ಲಿ ತಾಯಂದಿರ ಪಿಸುಮಾತಿನ ಮತ್ಸರ ಜಗತ್ತಿನ ಯಾವ ಶಾಲೆಯ ವಾರ್ಷಿಕೋತ್ಸವಕ್ಕೂ ಕಡಿಮೆಯಿಲ್ಲ. ನನಗೆ ಅದರಲ್ಲಿ ರುಚಿ ಹತ್ತಲಿಲ್ಲ. ನಾನು ಮರಿಗಳ ತರಗತಿಯ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಮುದುಕರು ಬೇಲಿಗೆ ಒರಗಿ, ಕೈಯಲ್ಲಿದ್ದ ಪಟ್ಟಿಯನ್ನು ತೆರೆಯದೆ, ಬರೀ ಹಿಂಗಾಲಿನ ಕೀಲು ನೋಡಿ ಅಜ್ಜಿಯ ಹೆಸರು ಹೇಳುತ್ತಿದ್ದರು.

ಶರತ್ಕಾಲದಲ್ಲಿ ಹಾಲು ಬಿಡಿಸುವುದು, ಮಾರಾಟ. ಕುದುರೆ ಹರಾಜಿನಲ್ಲಿ ಅವರು ಇನ್ನೂ ಗಿನಿಯಲ್ಲೇ ಕೂಗುತ್ತಾರೆ. ಗಿನಿ ಅಂದರೆ ಒಂದು ಪೌಂಡು, ಮೇಲೆ ಐದು ಪೆನ್ಸು. ಅಬರ್ಗೆಲೆ ಹತ್ತಿರ ಮಾರ್ಗರೆಟ್ ಬ್ರಾಡ್ರಿಕ್ ಕಟ್ಟಿ ಬೆಳೆಸಿದ್ದ ಕೋಯ್ಡ್ ಕೋಖ್ ಲಾಯ 1978ರಲ್ಲಿ ಇಡಿಯಾಗಿ ಹರಾಜಾದಾಗ ಬಾರಿ ಎಂಬ ಗಂಡು 21,000 ಗಿನಿಗೆ ಆಸ್ಟ್ರೇಲಿಯಾದವರ ಪಾಲಾಯಿತು. ಆ ಮೊತ್ತವನ್ನು ಇಂದಿಗೂ ಬಾಯಿಪಾಠ ಹೇಳುತ್ತಾರೆ. ನಮ್ಮ ಲಾಯದ್ದು ಅಂಥ ಭಾಗ್ಯವಲ್ಲ. ಹೆಚ್ಚಿನ ಗಂಡುಮರಿಗಳಿಗೆ ಬೀಜ ಒಡೆಸಿ, ಮೇವಿನ ಖರ್ಚು ಹುಟ್ಟಿದರೆ ಸಾಕೆಂದು ಮಕ್ಕಳಿರುವ ಮನೆಗಳಿಗೆ ಕೊಡುವುದು. ಬೂದಮ್ಮನ ಮಗಳನ್ನು ಕೇಳಿಕೊಂಡು ಮೂವರು ಬಂದರು, ಮೂವರಿಗೂ ಯಜಮಾನತಿ ಚಹಾ ಕೊಟ್ಟು ಕಳಿಸಿದರು.

ಆಮೇಲೆ ಶುರುವಾಯಿತು ಜಗಳ. ಮುಂದೆ ಆ ಮಗಳಿಗೆ ಯಾವ ಗಂಡು? ಯಜಮಾನತಿಯದು ಡೌನ್‌ಲ್ಯಾಂಡ್ ಶೆವಾಲಿಯೇ ಸಂತತಿಯ ಕಡೆ ಒಲವು. 1962ರಲ್ಲಿ ಹುಟ್ಟಿದ ಆ ಗಂಡಿನ ರಕ್ತ ಬೂದಮ್ಮನ ತಾಯಿಯ ಕಡೆಯಿಂದ ಆಗಲೇ ಇತ್ತು; ಮತ್ತೊಮ್ಮೆ ಸೇರಿಸಿದರೆ ಆ ಕತ್ತು, ಆ ನಡಿಗೆ ಕಲ್ಲಿನಲ್ಲಿ ಕೊರೆದ ಹಾಗೆ ನಿಲ್ಲುತ್ತದೆ ಎಂಬ ವಾದ. ತಲೆಯಾಳು ತಲೆಯಾಡಿಸುತ್ತಿದ್ದ. “ಹತ್ತಿರದ ರಕ್ತ ಕೂಡಿಸಿದರೆ ಚಂದಾನೂ ಎರಡರಷ್ಟು, ಐಬೂ ಎರಡರಷ್ಟು. ಮೂಳೆ ಸಣ್ಣಗಾಗ್ತಾ ಬಂದಿದೆ. ಬೆಟ್ಟದಿಂದ ಒಂದು ಒರಟು ಗಂಡು ತನ್ನಿ.” ಒರಟು ಗಂಡು ತಂದರೆ ಬರುವ ಮರಿ ಪ್ರದರ್ಶನದ ಕಣಕ್ಕೆ ಹೋಗುವುದಿಲ್ಲ ಅಂತ ಆಕೆ. ಅದರ ಮಗಳು ಹೋಗ್ತಾಳೆ ಅಂತ ಆತ. ಆ ಮಗಳು ಕಣಕ್ಕಿಳಿಯುವ ಹೊತ್ತಿಗೆ ಆಕೆಗೆ ಎಂಬತ್ತು ದಾಟಿರುತ್ತಿತ್ತು, ಆತನಿಗೆ ಇನ್ನೂ ಹೆಚ್ಚು. ಇಬ್ಬರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ರಾತ್ರಿ ಊಟದವರೆಗೂ ವಾದಿಸುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರು. ನಾನು ಒರಟು ಗಂಡಿನ ಕಡೆ ಅಂದೆ. ಮರುದಿನ ಬೆಳಗ್ಗೆ ಯಜಮಾನತಿ ನನಗೆ ಲದ್ದಿ ಎತ್ತಲು ಇನ್ನೂ ಎರಡು ಲಾಯ ಹೆಚ್ಚಿಗೆ ಕೊಟ್ಟರು.