ಶಿವಮೊಗ್ಗ–ಭದ್ರಾವತಿ: ಯಾವ ದಾರಿ, ಯಾವ ಹೊತ್ತು, ಯಾವ ತಿಂಗಳು

ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಶಿವಮೊಗ್ಗದಲ್ಲಿ ಇಳಿಯುವ ಪ್ರವಾಸಿಗರಲ್ಲಿ ಹೆಚ್ಚಿನವರು ಒಂದು ಕಾಫಿ ಕುಡಿದು ಸಾಗರದ ಬಸ್ಸು ಹಿಡಿಯುತ್ತಾರೆ. ಅವರ ಲೆಕ್ಕದಲ್ಲಿ ಶಿವಮೊಗ್ಗವೆಂದರೆ ಜೋಗಕ್ಕೆ ಬಸ್ಸು ಬದಲಿಸುವ ಊರು. ಭದ್ರಾವತಿಯಂತೂ ರೈಲಿನ ಕಿಟಕಿಯಲ್ಲಿ ಕಾಣುವ ಕಾರ್ಖಾನೆ, ಅಷ್ಟೆ. ನಿಂತು ನೋಡಿದವರಲ್ಲೂ ಕೆಲವರು ಬೇಸರದಿಂದಲೇ ಹಿಂದಿರುಗುತ್ತಾರೆ: ಸಕ್ರೆಬೈಲಿಗೆ ಹೋದರೆ ಆನೆ ಇರಲಿಲ್ಲ, ಮಂಡಗದ್ದೆಯಲ್ಲಿ ಹಕ್ಕಿ ಇರಲಿಲ್ಲ, ಡ್ಯಾಂ ನೋಡಲು ಹೋದರೆ ನೀರೇ ಬಿಟ್ಟಿರಲಿಲ್ಲ.

ಆನೆ, ಹಕ್ಕಿ, ನೀರು ಎಲ್ಲವೂ ಇವೆ. ಆದರೆ ಒಂದೊಂದಕ್ಕೂ ಅದರದೇ ಹೊತ್ತು, ಅದರದೇ ತಿಂಗಳು ಇದೆ. ಸುಮಾರು ಇಪ್ಪತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳ ಸುತ್ತ ಸುತ್ತಾಡುವವರಿಗೆ ದೂರ ದೊಡ್ಡ ತೊಡಕಲ್ಲ. ಗಡಿಯಾರ ಮತ್ತು ಕ್ಯಾಲೆಂಡರ್ ನೋಡದೆ ಹೊರಡುವುದೇ ತೊಡಕು.

ಬರುವುದು ಹೇಗೆ

ಬೆಂಗಳೂರು, ಮೈಸೂರು ಕಡೆಯ ರೈಲುಗಳು ಬೀರೂರಿನಲ್ಲಿ ಕವಲೊಡೆದು ತರೀಕೆರೆ, ಭದ್ರಾವತಿ ದಾಟಿ ಶಿವಮೊಗ್ಗಕ್ಕೆ ಬರುತ್ತವೆ. ಕೆಲವು ಮುಂದೆ ತಾಳಗುಪ್ಪದವರೆಗೂ ಹೋಗುತ್ತವೆ. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಹೆದ್ದಾರಿಯೂ ಇದೇ ಸಾಲಿನಲ್ಲಿ ಸಾಗುತ್ತದೆ. ಎರಡೂ ಊರುಗಳಲ್ಲಿ ಜನ ಬಿ.ಎಚ್. ರಸ್ತೆ ಎನ್ನುವುದು ಇದನ್ನೇ. ಎರಡು ಊರುಗಳ ನಡುವೆ, ಸೋಗಾನೆಯಲ್ಲಿ, 2023ರ ಫೆಬ್ರುವರಿ 27ರಂದು ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ಕೊನೆಯಿಂದ ವಿಮಾನಗಳ ಓಡಾಟ ಶುರುವಾಗಿದೆ.

ತಂಗಲು ಶಿವಮೊಗ್ಗವೇ ಅನುಕೂಲ. ವಸತಿಗೃಹಗಳು ಹೆಚ್ಚು, ಎಲ್ಲ ದಿಕ್ಕಿಗೂ ಬಸ್ಸು ಸಿಗುತ್ತದೆ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಈ ಭಾಗದಲ್ಲಿ ಖಾಸಗಿ ಬಸ್ಸುಗಳದೇ ಓಡಾಟ ಜಾಸ್ತಿ. ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸಿನಲ್ಲಿ ಟಿಕೆಟ್ ತೆಗೆಸಲೇಬೇಕು.

ನಾಲ್ಕು ದಾರಿಗಳು

ನೋಡುವ ಜಾಗಗಳಲ್ಲಿ ಹೆಚ್ಚಿನವು ಶಿವಮೊಗ್ಗದಿಂದ ಹೊರಡುವ ನಾಲ್ಕು ದಾರಿಗಳಲ್ಲಿ ಹಂಚಿಹೋಗಿವೆ. ತೀರ್ಥಹಳ್ಳಿ ರಸ್ತೆಯಲ್ಲಿ ಗಾಜನೂರು ಡ್ಯಾಂ, ಸಕ್ರೆಬೈಲು ಆನೆ ಬಿಡಾರ, ಮಂಡಗದ್ದೆ ಪಕ್ಷಿಧಾಮ. ಸಾಗರ ರಸ್ತೆಯಲ್ಲಿ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ. ಹೊಳೆಹೊನ್ನೂರು ರಸ್ತೆಯ ಕಡೆ ಕೂಡ್ಲಿ. ಬಿ.ಎಚ್. ರಸ್ತೆಯಲ್ಲಿ ಬೆಂಗಳೂರು ದಿಕ್ಕಿಗೆ ಹೋದರೆ ಭದ್ರಾವತಿ, ಅಲ್ಲಿಂದ ಬಿ.ಆರ್.ಪಿ. (ಭದ್ರಾ ರಿವರ್ ಪ್ರಾಜೆಕ್ಟ್, ಭದ್ರಾ ಡ್ಯಾಂ ಬಳಿಯ ಊರು), ಲಕ್ಕವಳ್ಳಿ.

ಒಂದು ದಾರಿಯಿಂದ ಇನ್ನೊಂದಕ್ಕೆ ಹೋಗಲು ಬಹುತೇಕ ಸಲ ಮತ್ತೆ ಊರೊಳಗೇ ಬರಬೇಕು. ಆದ್ದರಿಂದ ಅರ್ಧ ದಿನಕ್ಕೆ ಒಂದು ದಾರಿ ಎಂದಿಟ್ಟುಕೊಂಡರೆ ಸುತ್ತಾಟ ಸಲೀಸು.

ಆನೆಗೆ ಬೆಳಿಗ್ಗೆಯೇ ಹೋಗಬೇಕು, ಏಕೆ?

ಸಕ್ರೆಬೈಲು ಶಿವಮೊಗ್ಗದಿಂದ ಸುಮಾರು 14 ಕಿ.ಮೀ., ಗಾಜನೂರಿನ ಹಿನ್ನೀರಿನ ದಡದಲ್ಲಿದೆ. ಪ್ರವಾಸಿಗರಿಗೆ ಇಲ್ಲಿ ಬೆಳಿಗ್ಗೆ 8.30ರಿಂದ 11.30ರವರೆಗಿನ ಹೊತ್ತೇ ಮುಖ್ಯ. ಮಧ್ಯಾಹ್ನ ಹೋದವರಿಗೆ ಹೆಚ್ಚಾಗಿ ಖಾಲಿ ಅಂಗಳ ಕಾಣುತ್ತದೆ.

ಇದಕ್ಕೆ ಕಾರಣ ಬಿಡಾರದ ದಿನಚರಿಯಲ್ಲಿದೆ. ಇಲ್ಲಿನ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ರಾತ್ರಿಯೆಲ್ಲ ಅವು ಕಾಡಿನಲ್ಲೇ ಇರುತ್ತವೆ. ಬೆಳಿಗ್ಗೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಹೆಜ್ಜೆ ಗುರುತು, ಎಳೆದುಹೋದ ಸರಪಳಿಯ ಜಾಡು ಹಿಡಿದು ಹುಡುಕಿ ಕರೆತರುತ್ತಾರೆ. ಹಿನ್ನೀರಿನಲ್ಲಿ ಮೈ ತೊಳೆಸಿ, ಹುಲ್ಲಿನಲ್ಲಿ ಕಟ್ಟಿದ ಮೇವು ತಿನ್ನಿಸಿ ಮತ್ತೆ ಕಾಡಿಗೆ ಅಟ್ಟುತ್ತಾರೆ. ನಾವು ನೋಡುವುದು ಈ ನಡುವಿನ ಎರಡು–ಮೂರು ಗಂಟೆಯನ್ನು ಮಾತ್ರ. ಸ್ನಾನ ನೋಡಬೇಕೆಂದರೆ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು.

ಬಿಡಾರ ಅರಣ್ಯ ಇಲಾಖೆಯದು. ತೋಟ–ಗದ್ದೆಗೆ ನುಗ್ಗುತ್ತಿದ್ದ ಕಾಡಾನೆಗಳನ್ನು ಸೆರೆಹಿಡಿದಾಗ ಪಳಗಿಸಲು ಇಲ್ಲಿಗೆ ತರುವುದುಂಟು. ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿ ಕೂಡಿ, ತಿಂಗಳುಗಟ್ಟಲೆ ಮಾವುತನ ದನಿಗೆ ಒಗ್ಗಿಸುತ್ತಾರೆ. ಹೀಗೆ ಪಳಗಿದ ಆನೆಗಳೇ ಮುಂದೆ ಬೇರೆ ಕಾಡಾನೆ ಹಿಡಿಯುವ ಕೆಲಸಕ್ಕೂ ಶಿವಮೊಗ್ಗ ದಸರೆಯ ಮೆರವಣಿಗೆಗೂ ಹೋಗುತ್ತವೆ.

ಉತ್ತರ ಥಾಯ್ಲೆಂಡಿನ ಲಾಂಪಾಂಗ್ ಪ್ರಾಂತ್ಯದಲ್ಲೂ ಹೆಸರುವಾಸಿಯಾದ ಸರ್ಕಾರಿ ಆನೆ ಕೇಂದ್ರವಿದೆ. 1989ರಲ್ಲಿ ಆ ದೇಶ ಕಾಡಿನ ಮರ ಕಡಿಯುವುದನ್ನು ನಿಷೇಧಿಸಿದಾಗ ದಿಮ್ಮಿ ಎಳೆಯುತ್ತಿದ್ದ ಆನೆಗಳಿಗೂ ಮಾವುತರಿಗೂ ಕೆಲಸ ಇಲ್ಲವಾಯಿತು. ಬಹಳಷ್ಟು ಆನೆಗಳು ಪ್ರವಾಸೋದ್ಯಮದತ್ತ ಹೊರಳಿದವು. ಆದರೆ ಸಕ್ರೆಬೈಲಿನ ಆನೆಗೆ ಇಂದಿಗೂ ಇಲಾಖೆಯ ಕೆಲಸವಿದೆ, ಪ್ರವಾಸಿಗರು ನೋಡುವುದು ಅದರ ವಿರಾಮದ ಹೊತ್ತನ್ನು. ಮಾವುತ ಒಪ್ಪದೆ ಮುಟ್ಟಬಾರದು, ಮರಿಯ ಹತ್ತಿರ ನುಗ್ಗಬಾರದು, ತಂದ ತಿಂಡಿ ತಿನ್ನಿಸಬಾರದು. ಇಲ್ಲಿ ಪಾಲಿಸಬೇಕಾದದ್ದು ಇಷ್ಟೇ.

ತೀರ್ಥಹಳ್ಳಿ ಬಸ್ಸುಗಳು ಬಿಡಾರದ ಮುಂದೆಯೇ ಹೋಗುತ್ತವೆ. ಎಲ್ಲ ಬಸ್ಸೂ ಅಲ್ಲಿ ನಿಲ್ಲುವುದಿಲ್ಲವಾದ್ದರಿಂದ ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.

ಎರಡು ಹೊಳೆ, ಎರಡು ಡ್ಯಾಂ

ತುಂಗೆ, ಭದ್ರೆ ಎರಡೂ ಚಿಕ್ಕಮಗಳೂರು ಜಿಲ್ಲೆಯ ಗಂಗಾಮೂಲದಲ್ಲಿ ಹುಟ್ಟುತ್ತವೆ. ಶಿವಮೊಗ್ಗ ತುಂಗೆಯ ದಡದ ಊರು, ಭದ್ರಾವತಿ ಭದ್ರೆಯ ದಡದ್ದು. ಆದರೆ ಎರಡು ಹೊಳೆಗೆ ಕಟ್ಟಿದ ಡ್ಯಾಂಗಳ ಗಾತ್ರ ಅಜಗಜಾಂತರ. ಗಾಜನೂರಿನ ತುಂಗಾ ಜಲಾಶಯ ಹಿಡಿಯುವುದು 3.24 ಟಿಎಂಸಿ. ಲಕ್ಕವಳ್ಳಿಯ ಭದ್ರಾ ಜಲಾಶಯದ್ದು 71.5 ಟಿಎಂಸಿ, ಪೂರ್ಣಮಟ್ಟ 186 ಅಡಿ.

ಪ್ರವಾಸಿಗೆ ಈ ಅಂಕಿಗಳಿಂದ ನೇರ ಪ್ರಯೋಜನವಿದೆ. ಪುಟ್ಟ ಗಾಜನೂರು ಮುಂಗಾರು ಹಿಡಿದ ಸ್ವಲ್ಪ ದಿನಕ್ಕೇ ತುಂಬುತ್ತದೆ. ಶೃಂಗೇರಿ, ತೀರ್ಥಹಳ್ಳಿಯಲ್ಲಿ ಮಳೆ ಜೋರಾದರೆ ಗೇಟು ತೆರೆಯಲೇಬೇಕು. ಆಗ ಶಿವಮೊಗ್ಗದಲ್ಲಿ ಜನ ಹೊಳೆ ನೋಡಲು ಸೇರುತ್ತಾರೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೇ ಇಲ್ಲವೇ ಎಂಬುದೇ ಊರಿನವರ ಅಳತೆ. ಮುಳುಗಿದರೆ ಹೊಳೆಗೆ ಬಾಗಿನ. ಭದ್ರಾ ಹಾಗಲ್ಲ. ಅದು ತುಂಬಲು ಬಹಳ ಮಳೆ ಬೇಕು. ಒಳ್ಳೆಯ ವರ್ಷದಲ್ಲೂ ಗೇಟು ತೆರೆಯುವುದು ತಡವಾಗಿ, ಮಳೆ ಕೈಕೊಟ್ಟ ವರ್ಷ ತೆರೆಯುವುದೇ ಇಲ್ಲ. ಗೇಟಿನಿಂದ ಧುಮುಕುವ ನೀರು ನೋಡಬೇಕೆಂದು ಜೂನ್ ಕೊನೆಗೋ ಜುಲೈಗೋ ಬರುವವರು ಗಾಜನೂರಿಗೆ ಹೋಗಲಿ. ಭದ್ರಾಗೆ ಹೊರಡುವ ಮುನ್ನ ಪತ್ರಿಕೆಯಲ್ಲಿ ಆ ದಿನದ ನೀರಿನ ಮಟ್ಟ ನೋಡಿ. ಅಂಕಿ 186ರ ಹತ್ತಿರವಿದ್ದರೆ ಮಾತ್ರ ಆಸೆ ಇಟ್ಟುಕೊಳ್ಳಬಹುದು.

ಹಕ್ಕಿಗಳ ಕ್ಯಾಲೆಂಡರ್

ಹಕ್ಕಿಗಳ ವಿಷಯದಲ್ಲೂ ಎರಡು ಹೊಳೆಗಳು ತಿರುವುಮುರುವು. ಶಿವಮೊಗ್ಗದಿಂದ ಸುಮಾರು 30 ಕಿ.ಮೀ. ದೂರದ ಮಂಡಗದ್ದೆಯಲ್ಲಿ ತುಂಗೆಯ ನಡುವೆ ಒಂದು ಪುಟ್ಟ ನಡುಗಡ್ಡೆಯಿದೆ. ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಇಲ್ಲಿನ ಮರಗಳಲ್ಲಿ ಗೂಡು ಕಟ್ಟುತ್ತವೆ. ಸುತ್ತ ಹೊಳೆ ತುಂಬಿ ಹರಿಯುವುದರಿಂದ ಗೂಡಿಗೆ ಕಳ್ಳಬೆಕ್ಕು, ನರಿಗಳ ಕಾಟವಿಲ್ಲ. ಮರಿಗಳಿಗೆ ಹೊಳೆಯಲ್ಲಿ ಮೀನು, ಗದ್ದೆಗಳಲ್ಲಿ ಕಪ್ಪೆ–ಹುಳ ಸಿಗುತ್ತವೆ. ಜುಲೈನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ರಸ್ತೆ ಬದಿಯಿಂದಲೇ ಕಾಣುತ್ತದೆ, ದುರ್ಬೀನು ಇದ್ದರೆ ಇನ್ನೂ ಚೆನ್ನ. ಬೇಸಿಗೆಯಲ್ಲಿ ಹೋದರೆ ಮರಗಳಷ್ಟೇ ಇರುತ್ತವೆ.

ಭದ್ರಾ ಹಿನ್ನೀರಿನಲ್ಲಿ ಇದಕ್ಕೆ ತದ್ವಿರುದ್ಧ. ನಾಲೆಗಳಿಗೆ ನೀರು ಬಿಟ್ಟು ಜಲಾಶಯ ಇಳಿಯುತ್ತಾ ಬಂದಂತೆ ಮುಳುಗಿದ್ದ ಗುಡ್ಡದ ತಲೆಗಳು ದಿಬ್ಬಗಳಾಗಿ ಮೇಲೇಳುತ್ತವೆ. ಆ ಬೋಳು ನೆಲದ ಮೇಲೆಯೇ ನದಿ ರೀವಗಳು, ಅಂದರೆ ರಿವರ್ ಟರ್ನ್ ಹಕ್ಕಿಗಳು, ಗುಂಪುಗುಂಪಾಗಿ ಮೊಟ್ಟೆ ಇಡುತ್ತವೆ. ಲಕ್ಕವಳ್ಳಿಯಲ್ಲಿರುವ ಜಂಗಲ್ ಲಾಡ್ಜಸ್‌ನ ತಂಗುದಾಣಕ್ಕೆ ರಿವರ್ ಟರ್ನ್ ಲಾಡ್ಜ್ ಎಂದೇ ಹೆಸರು. ಮಾರ್ಚ್, ಏಪ್ರಿಲ್ ಈ ಹಕ್ಕಿಗಳನ್ನು ನೋಡಲು ಸರಿಯಾದ ಸಮಯ. ಮಳೆಗಾಲದಲ್ಲಿ ಆ ದಿಬ್ಬಗಳೆಲ್ಲ ನೀರಿನಡಿ ಹೋಗುತ್ತವೆ. ಹಿನ್ನೀರಿಗೆ ಹೊಂದಿಕೊಂಡ ಭದ್ರಾ ಅಭಯಾರಣ್ಯ 1998ರಿಂದ ಹುಲಿ ಸಂರಕ್ಷಿತ ಪ್ರದೇಶ; ಸಫಾರಿಗೆ ಮುಂಗಡ ಕಾಯ್ದಿರಿಸಿಯೇ ಹೋಗುವುದು ಒಳ್ಳೆಯದು.

ಭದ್ರಾವತಿಯಲ್ಲಿ ಇಳಿದವರಿಗೆ

ಭದ್ರಾವತಿಯ ಹಳೇನಗರದಲ್ಲಿ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವಿದೆ. ಮೂರು ಗರ್ಭಗುಡಿಗಳ ತ್ರಿಕೂಟ. ಎತ್ತರದ ಜಗತಿಯ ಮೇಲೆ ನಿಂತಿರುವುದರಿಂದ ಸುತ್ತು ಹಾಕುತ್ತಾ ಹೊರಗೋಡೆಯನ್ನು ನಿಧಾನವಾಗಿ ನೋಡಬಹುದು. ಬೇಲೂರಿನ ಜನಜಂಗುಳಿ ಇಲ್ಲಿಲ್ಲ. ಮಧ್ಯಾಹ್ನ ಬಾಗಿಲು ಹಾಕಿದರೆ ಸಂಜೆಯೇ ತೆರೆಯುವುದು, ಹಾಗಾಗಿ ಬೆಳಿಗ್ಗೆ ಬನ್ನಿ.

ಊರಿನ ಹಳೆಯ ಹೆಸರು ಬೆಂಕಿಪುರ. ಮೈಸೂರು ಸಂಸ್ಥಾನ ಇಲ್ಲಿ ಕಬ್ಬಿಣದ ಕಾರ್ಖಾನೆ ಹೂಡಿದ್ದಕ್ಕೆ ಸ್ಪಷ್ಟ ಲೆಕ್ಕಾಚಾರವಿತ್ತು: ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲಿಗೆ ಮಲೆನಾಡಿನ ಮರ, ಭದ್ರೆಯ ನೀರು, ಸಾಗಿಸಲು ರೈಲು. ಉತ್ಪಾದನೆ ಶುರುವಾದದ್ದು 1923ರಲ್ಲಿ. ಆ ವರ್ಷದಿಂದ 1929ರವರೆಗೆ ಸರ್ ಎಂ. ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರು. ಇಂದಿನ ವಿಐಎಸ್‌ಎಲ್ (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ) ಎಂಬ ಹೆಸರಿನಲ್ಲಿರುವುದೂ ಅವರೇ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ, ಈಗ ನಿಂತುಹೋಗಿದೆ. ಕಾರ್ಖಾನೆಗಳ ಒಳಗೆ ಪ್ರವಾಸಿಗರು ಹಾಗೇ ಹೋಗುವಂತಿಲ್ಲ. ಆದರೆ ಕಾರ್ಮಿಕರಿಗಾಗಿ ಹಾಕಿದ ಬಡಾವಣೆಗಳ ನೇರ ಬೀದಿಗಳು, ಮರಗಳ ಸಾಲು, ವಸತಿಗೃಹಗಳನ್ನು ನೋಡಿದರೆ ಒಂದು ಕಾರ್ಖಾನೆ ಊರನ್ನು ಹೇಗೆ ಕಟ್ಟಿತೆಂಬುದು ತಿಳಿಯುತ್ತದೆ.

ಇಲ್ಲಿಂದ ಬಿ.ಆರ್.ಪಿ.ಗೆ ಬಸ್ಸು ಸಿಗುತ್ತದೆ. ದಾರಿಯಲ್ಲೇ ಶಂಕರಘಟ್ಟ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣ.

ಊರೊಳಗೆ, ಊರಂಚಿನಲ್ಲಿ

ಶಿವಮೊಗ್ಗದ ಕೋಟೆ ರಸ್ತೆಯಲ್ಲಿ, ತುಂಗೆಯ ಬದಿಗೆ, ಮರದ ಕಂಬಗಳ ಶಿವಪ್ಪನಾಯಕನ ಅರಮನೆ ಇದೆ. ಶಿಸ್ತು ಎಂಬ ಕಂದಾಯ ಪದ್ಧತಿಗೆ ಹೆಸರಾದ ಕೆಳದಿಯ ಅರಸ ಶಿವಪ್ಪನಾಯಕ ಆಳಿದ್ದು 17ನೇ ಶತಮಾನದ ನಡುಭಾಗದಲ್ಲಿ. ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಜಿಲ್ಲೆಯ ಊರೂರಿನಿಂದ ತಂದ ವೀರಗಲ್ಲು, ಮಾಸ್ತಿಗಲ್ಲು, ವಿಗ್ರಹಗಳು ಅಂಗಳದಲ್ಲೇ ಸಾಲಾಗಿ ನಿಂತಿವೆ. ಹತ್ತಿರದಲ್ಲೇ ಕೋಟೆ ಆಂಜನೇಯ ದೇವಸ್ಥಾನ. ಬಿ.ಎಚ್. ರಸ್ತೆಯ ಸೇಕ್ರೆಡ್ ಹಾರ್ಟ್ ಚರ್ಚ್ ವಿಶಾಲವಾದ ಪ್ರಾರ್ಥನಾ ಮಂದಿರ. ಪೂಜೆಯ ಹೊತ್ತು ಬಿಟ್ಟು ಹೋಗುವುದು ಲೇಸು.

ಸಾಗರ ರಸ್ತೆಯಲ್ಲಿ ಹತ್ತು ಕಿ.ಮೀ. ಹೋದರೆ 1988ರಲ್ಲಿ ಆರಂಭವಾದ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ. ಬೇಲಿ ಹಾಕಿದ ಕಾಡಿನೊಳಗೆ ಧಾಮದ ವಾಹನದಲ್ಲೇ ಸಫಾರಿ, ಪಕ್ಕದಲ್ಲಿ ಮೃಗಾಲಯ. ಮಂಗಳವಾರ ರಜೆ.

ಕೂಡ್ಲಿ ಸುಮಾರು 15 ಕಿ.ಮೀ. ತುಂಗೆ, ಭದ್ರೆ ಸೇರಿ ತುಂಗಭದ್ರೆಯಾಗುವ ಜಾಗ. ಹೊಯ್ಸಳರ ಕಾಲದ ರಾಮೇಶ್ವರ ದೇವಾಲಯ, ಶೃಂಗೇರಿ ಪರಂಪರೆಯ ಮಠ, ಅಕ್ಷೋಭ್ಯತೀರ್ಥರ ಮಾಧ್ವ ಮಠ ಇಲ್ಲಿವೆ. ಬೇಸಿಗೆಯಲ್ಲಿ ಸಂಗಮದ ಹತ್ತಿರ ನಡೆದು ಹೋಗಬಹುದು. ಎರಡು ಹೊಳೆಯ ಸೆಳವು ಕೂಡುವ ಕಡೆ ಈಜಲು ಇಳಿಯಬಾರದು. ಬಸ್ಸು ಕಡಿಮೆ, ಹೋಗಿಬರಲು ಆಟೊ ಮಾತಾಡಿಕೊಂಡರೆ ಅನುಕೂಲ.

ತುಂಗೆಯ ಎರಡು ದಡಗಳ ಮತ್ತೂರು, ಹೊಸಹಳ್ಳಿಗಳು ಸಂಸ್ಕೃತಕ್ಕೂ ಗಮಕಕ್ಕೂ ಹೆಸರಾದವು. 2022ರಲ್ಲಿ ಪದ್ಮಶ್ರೀ ಪಡೆದ ಗಮಕಿ ಎಚ್.ಆರ್. ಕೇಶವಮೂರ್ತಿ ಹೊಸಹಳ್ಳಿಯವರು. ಹೋಗುವುದಾದರೆ ಜನ ಬದುಕುವ ಊರೆಂಬ ಅರಿವಿನಿಂದ ಹೋಗಿ. ಮನೆ ಬಾಗಿಲಲ್ಲಿ ನಿಂತು ಸಂಸ್ಕೃತ ಮಾತಾಡಿ ತೋರಿಸಿ ಎಂದು ಕೇಳುವುದು ಮರ್ಯಾದೆಯಲ್ಲ.

ಎರಡು ದಿನ ಇದ್ದರೆ

ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಹೊರಟು ಸಕ್ರೆಬೈಲು. ಮಳೆಗಾಲವಾದರೆ ಮುಂದೆ ಮಂಡಗದ್ದೆ, ಬರುವಾಗ ಗಾಜನೂರು. ಊಟಕ್ಕೆ ಊರಿಗೆ ಬಂದು ಮಧ್ಯಾಹ್ನ ತ್ಯಾವರೆಕೊಪ್ಪ. ಸಂಜೆಯವರೆಗೆ ಕಾಯದೆ ಮೂರರೊಳಗೆ ಅಲ್ಲಿರಿ. ಎರಡನೇ ದಿನ ಬೆಳಿಗ್ಗೆ ಭದ್ರಾವತಿಯ ದೇವಾಲಯ, ಅಲ್ಲಿಂದ ಬಿ.ಆರ್.ಪಿ.ಯ ಭದ್ರಾ ಡ್ಯಾಂ. ಮೂರರ ಹೊತ್ತಿಗೆ ಶಿವಮೊಗ್ಗಕ್ಕೆ ಬಂದು ಅರಮನೆ ನೋಡಿ, ಸಂಜೆ ಕೂಡ್ಲಿ. ಜೋಗ ಇಲ್ಲಿಂದ ನೂರು ಕಿಲೋಮೀಟರ್. ಅದಕ್ಕೆ ಮೂರನೇ ದಿನವನ್ನೇ ಮೀಸಲಿಡಿ, ಇವುಗಳ ನಡುವೆ ತುರುಕಬೇಡಿ.

ವಾರದಲ್ಲಿ ದಿನ ಆರಿಸುವ ಅವಕಾಶವಿದ್ದರೆ ಬುಧವಾರದಿಂದ ಶುಕ್ರವಾರದೊಳಗೆ ಬನ್ನಿ. ಸರ್ಕಾರಿ ವಸ್ತುಸಂಗ್ರಹಾಲಯಗಳಿಗೆ ಸೋಮವಾರ ರಜೆ, ಸಿಂಹಧಾಮಕ್ಕೆ ಮಂಗಳವಾರ, ಶನಿವಾರ–ಭಾನುವಾರ ಸಕ್ರೆಬೈಲಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆಗಾಲದಲ್ಲಿ ಕೊಡೆಗಿಂತ ರೈನ್‌ಕೋಟು ಮೇಲು; ಜೇಬಿನಲ್ಲಿ ಸ್ವಲ್ಪ ಚಿಲ್ಲರೆ ಇರಲಿ, ಕಾಡಂಚಿನಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಹೊರಡುವ ಹಿಂದಿನ ದಿನ ಸಮಯ, ರಜೆ, ನೀರಿನ ಮಟ್ಟ ಈ ಮೂರನ್ನು ಇನ್ನೊಮ್ಮೆ ವಿಚಾರಿಸಿಕೊಳ್ಳಿ.